ಹೊಗೆ ಕಾಣುವ ಕಟ್ಟೆ

ಶಿಷ್ಯ ಗುರುವನ್ನು ಕೇಳಿದ: "ಮೂರು ವರ್ಷದಿಂದ ಜಪ ಮಾಡುತ್ತಿದ್ದೇನೆ. ಅಣ್ಣನ ಮೇಲಿನ ಕೆಟ್ಟ ಯೋಚನೆ ಮಾತ್ರ ಹೋಗುತ್ತಿಲ್ಲ. ಅವ್ವನ ತಿಥಿಗೂ ನನ್ನನ್ನು ಕರೆಯದವನು. ಮಣಿ ಎಣಿಸಲು ಕೂತರೆ ಅವನೇ ಬಂದು ಎದುರು ಕೂರುತ್ತಾನೆ. ಇದಕ್ಕಿಂತ ಬಲವಾದ ಮಂತ್ರವಿದೆಯೇ?"

"ಮಂತ್ರಗಳಿಗೇನೂ ಬರಗಾಲವಿಲ್ಲ" ಎಂದರು ಗುರು. "ಮೊದಲು ಒಬ್ಬ ರೈತನ ವಿಷಯ ಕೇಳು."

ಹೊಳೆಯ ದಂಡೆಯಲ್ಲಿ ಒಬ್ಬ ರೈತನಿದ್ದ. ಅವನಿಗೂ ತಮ್ಮನಿಗೂ ಜಗಳವಾಗಿ ಮನೆ ಪಾಲಾಯಿತು. ಜೋಡೆತ್ತನ್ನೂ ಪಾಲು ಮಾಡಿಕೊಂಡರು, ಒಬ್ಬರಿಗೆ ಒಂದು. ಪಂಚರು ಇದನ್ನು ನ್ಯಾಯ ಎಂದರು. ತಮ್ಮ ತನ್ನ ಎತ್ತನ್ನು ಹೊಡೆದುಕೊಂಡು ಹೋಗಿ ಆಚೆ ದಡದಲ್ಲಿ ಮನೆ ಮಾಡಿದ. ಅಂದಿನಿಂದ ಉಳುಮೆಯ ಕಾಲ ಬಂದರೆ ಇಬ್ಬರೂ ಇನ್ನೊಂದು ಎತ್ತಿಗಾಗಿ ಕಂಡವರ ಕೊಟ್ಟಿಗೆ ಸುತ್ತಿದರು.

ರೈತ ಉಣ್ಣುವಾಗ ತಮ್ಮನನ್ನು ಬೈದ, ಉಳುವಾಗ ಬೈದ. ಕೊನೆಗೆ ತನಗೇ ಸಾಕಾಗಿ ಒಬ್ಬ ಸ್ವಾಮಿಗಳ ಬಳಿ ಹೋದ. ದಿನವೂ ಬೆಳಿಗ್ಗೆ ಹೊಳೆಯಲ್ಲಿ ಇಪ್ಪತ್ತೊಂದು ಮುಳುಗು ಹಾಕು, ಪ್ರತಿ ಮುಳುಗಿಗೂ ‘ಬಿಟ್ಟೆ’ ಎನ್ನು, ಯೋಚನೆ ನೀರಿನೊಂದಿಗೆ ಹೋಗುತ್ತದೆ ಎಂದರು ಸ್ವಾಮಿಗಳು.

ರೈತ ನಾಲ್ಕು ವರ್ಷ ತಪ್ಪದೆ ಮುಳುಗಿದ. ನೆಗಡಿ ಬಂತು, ಹೋಯಿತು. ಯೋಚನೆ ಹೋಗಲಿಲ್ಲ.

ಅವನು ಮುಳುಗುತ್ತಿದ್ದುದು ಹರಿಗೋಲು ನಿಲ್ಲುವ ಕಟ್ಟೆಯಲ್ಲಿ. ಅಂಬಿಗ ಒಂದು ದಿನ ಕೇಳಿದ: "ಏನು ಗೌಡ್ರೆ, ದಿನಾ ಬಿಟ್ಟೆ ಬಿಟ್ಟೆ ಅಂತೀರಿ. ಇನ್ನೂ ಎಷ್ಟಿದೆ ಬಿಡೋದು? ಅದಿರಲಿ, ನಿಮ್ಮ ಮನೆ ಹಿಂದೆಯೇ ಹೊಳೆ ಇದೆ. ಒಂದು ಮೈಲಿ ನಡೆದು ಇಲ್ಲಿಗೇ ಯಾಕೆ ಬರ್ತೀರಿ?"

"ಇಲ್ಲಿ ನೀರು ಚೆನ್ನಾಗಿದೆ."

"ಅಲ್ಲಿ ಹರಿದದ್ದೇ ಇಲ್ಲಿಗೆ ಬರೋದು."

ರೈತ ಆಚೆ ದಡದತ್ತ ಮುಖ ತಿರುಗಿಸಿದ. ಆ ಕಟ್ಟೆಯಿಂದ ಆಚೆ ದಡದಲ್ಲಿ ಒಂದೇ ಮನೆ ಕಾಣುತ್ತಿತ್ತು. ಅದರ ಒಲೆಯ ಹೊಗೆ ಆಗ ತಾನೇ ಏಳುತ್ತಿತ್ತು.

"ಹರಿಗೋಲು ಖಾಲಿ ಇದೆ. ಬರ್ತೀರಾ?" ಎಂದ ಅಂಬಿಗ.

"ಅವನು ಕರೆಯಲಿ."

ಒಂದು ಬೆಳಿಗ್ಗೆ ಹೊಗೆ ಏಳಲಿಲ್ಲ. ರೈತ ಮುಳುಗು ಹಾಕದೆ ಎದೆಮಟ್ಟ ನೀರಿನಲ್ಲಿ ನಿಂತು ನೋಡಿದ. ಬಿಸಿಲೇರಿತು. ಅಂಬಿಗನೇ ಬಂದು ಹೇಳಿದ: "ನಿಮ್ಮ ತಮ್ಮ ನಿನ್ನೆ ಊರು ಬಿಟ್ಟ. ಒಂಟಿ ಎತ್ತಿನಲ್ಲಿ ಬೇಸಾಯ ಆಗಲ್ಲ ಅಂದ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲೋ ಕೂಲಿಗೆ ಹೋದ. ಎಲ್ಲಿಗೆ ಅಂತ ಹೇಳಲಿಲ್ಲ. ಎತ್ತನ್ನು ನಿಮಗೆ ಒಪ್ಪಿಸು ಅಂದ. ಈಜಿಸಿ ತಂದು ಅಗೋ, ಆ ಮರಕ್ಕೆ ಕಟ್ಟಿದ್ದೀನಿ."

"ಬೇರೇನೂ ಹೇಳಲಿಲ್ಲವೇ?"

"ನೊಗಕ್ಕೆ ಎಡಗಡೆ ಕಟ್ಟಬೇಕಂತೆ. ಬಲಗಡೆ ಕಟ್ಟಿದರೆ ನಡೆಯಲ್ಲವಂತೆ."

"ಅದು ನನಗೆ ಗೊತ್ತಿಲ್ಲವೇನೋ" ಎಂದ ರೈತ. ನೀರಿನಿಂದ ಮೇಲೆ ಬರಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಅಂದೇ ಅವನ ಕೆಟ್ಟ ಯೋಚನೆಗಳೆಲ್ಲ ನಿಂತುಹೋದವು. ಜೋಡೆತ್ತು ಕೂಡಿತು, ಉಳುಮೆ ಸಲೀಸಾಯಿತು. ಈಗಲೂ ಅವನು ಬೆಳಿಗ್ಗೆ ಒಂದು ಮೈಲಿ ನಡೆದು ಅದೇ ಕಟ್ಟೆಗೆ ಹೋಗುತ್ತಾನೆ. ಮುಳುಗುವುದಿಲ್ಲ, ಏನನ್ನೂ ಹೇಳುವುದಿಲ್ಲ. ಆಚೆ ದಡ ನೋಡುತ್ತಾ ನಿಂತಿರುತ್ತಾನೆ.

ಗುರು ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾದಂತಿತ್ತು. "ಅಂತೂ ಯೋಚನೆ ಹೋಯಿತಲ್ಲ. ನನಗೂ ಆ ಮುಳುಗಿನ ಕ್ರಮವನ್ನೇ ಹೇಳಿಕೊಡಿ" ಎಂದ.

ಗುರು ಹೇಳಿದರು: "ಈ ಮಠದ ಒಂಬತ್ತು ಕಿಟಕಿಗಳಲ್ಲಿ ನಿನ್ನ ಊರಿನ ದಾರಿ ಕಾಣುವುದು ಒಂದರಿಂದ ಮಾತ್ರ, ಮೂರು ವರ್ಷದಿಂದ ನಿನ್ನ ಜಪದ ಚಾಪೆ ಇರುವುದು ಅದರ ಮುಂದೆಯೇ."