ಹಸಿ ತಾರಸಿಯ ಕೆಳಗಿನ ಕಂಬ

ನೆಟ್ಟ ಆರನೆಯ ವರ್ಷಕ್ಕೇ ಕಡಿದು ತಂದ ನೀಲಗಿರಿ ಕಂಬವೊಂದು, ಕಟ್ಟುತ್ತಿದ್ದ ಹೊಸ ಮನೆಯ ನಡುಕೋಣೆಯಲ್ಲಿ, ಕಾಂಕ್ರೀಟು ಸುರಿದ ತಾರಸಿಗೆ ಆಸರೆಯಾಗಿ ನಿಂತಿತ್ತು. ಅದು ಅಲುಗದಂತೆ ಬೋರಲಿಂಗ ಮೇಸ್ತ್ರಿ ಬುಡಕ್ಕೊಂದು ಬೆಣೆ ಬಡಿದಿದ್ದ.

ಏಳನೆಯ ದಿನ ತಾರಸಿ ಬಾಯಿ ಬಿಟ್ಟಿತು: "ಎಲೈ ಸೊಟ್ಟ ಮರವೇ, ನಾನು ಗಟ್ಟಿಯಾಗಿದ್ದೇನೆ. ಗೃಹಪ್ರವೇಶಕ್ಕೆ ಬಂದವರು ನಿನ್ನನ್ನು ನೋಡಿದರೆ ನನ್ನ ಮರ್ಯಾದೆ ಏನಾಗಬೇಕು? ಹೊರಡು."

"ನೀನಿನ್ನೂ ಹಸಿ, ತಂಗಿ. ನಿನ್ನ ಭಾರ ನನ್ನ ತಲೆಗೆ ಗೊತ್ತಾಗುತ್ತಿದೆ" ಎಂದಿತು ಕಂಬ.

"ನಿನಗೆ ಹೊಟ್ಟೆಕಿಚ್ಚು!" ಎಂದು ತಾರಸಿ ರೇಗಿತು.

ಮನೆಯವರ ಅವಸರ ತಾಳಲಾರದೆ ಮೇಸ್ತ್ರಿ ಸುತ್ತಿಗೆ ತಂದು ಬೆಣೆಗೆ ಹೊಡೆದ. ಕಂಬ ಹಲ್ಲುಕಚ್ಚಿ ನಿಂತಿತು. ಬೆಣೆ ಜಗ್ಗಲಿಲ್ಲ. "ಭಾರವೆಲ್ಲ ಇನ್ನೂ ಇದರ ಮೇಲೇ ಇದೆ" ಎಂದುಕೊಂಡು ಮೇಸ್ತ್ರಿ ತಾರಸಿ ಗಟ್ಟಿಯಾಗಲೆಂದು ಅದರ ಮೇಲೆ ಮತ್ತೆ ನೀರು ಕಟ್ಟಿ ನಿಲ್ಲಿಸಿದ. ಎರಡು ವಾರ ತಾರಸಿ ಬೈಯುತ್ತಲೇ ಇತ್ತು. ಒಣಗುತ್ತ ಒಣಗುತ್ತ ಕಂಬದ ಮೈ ಉದ್ದಕ್ಕೂ ಸೀಳುಬಿಟ್ಟಿತು. ಆದರೂ ಅದು ಕದಲಲಿಲ್ಲ.

ಇಪ್ಪತ್ತೊಂದನೆಯ ದಿನ ಮೇಸ್ತ್ರಿ ಮತ್ತೆ ಸುತ್ತಿಗೆ ಎತ್ತಿದ. ಈಗ ತಾರಸಿಗೆ ಜೀವ ಹೋದಂತಾಯಿತು. "ಅಣ್ಣಾ, ಹೋಗಬೇಡ! ನೀನು ಹೋದರೆ ನಾನು ಬಿದ್ದುಬಿಡುತ್ತೇನೆ!"

"ಇಲ್ಲ ತಂಗಿ. ಬೆಳಗಿನಿಂದ ನಿನ್ನ ಭಾರ ನನಗೆ ತಾಕುತ್ತಿಲ್ಲ."

ಒಂದೇ ಏಟಿಗೆ ಬೆಣೆ ಜಾರಿತು. ಕಂಬ ನೆಲಕ್ಕೆ ಉರುಳಿತು. ತಾರಸಿ ನಿಂತೇ ಇತ್ತು.

ಆ ಮನೆಯ ಗೃಹಪ್ರವೇಶದ ದಿನ ಕಂಬ ಪಕ್ಕದ ಊರಿನಲ್ಲಿ ಇನ್ನೊಂದು ಹಸಿ ತಾರಸಿಯನ್ನು ಹೊತ್ತು, ಅದರ ಬೈಗುಳ ಕೇಳುತ್ತ ನಿಂತಿತ್ತು.