ಉತ್ತರದ ಮರ ಯಾಕೆ ಮಲಗಿತು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಎಲ್ಲಿ ಬೆಟ್ಟ ಇರಬೇಕು, ಎಲ್ಲಿ ನದಿ ಹರಿಯಬೇಕು ಅನ್ನೋದೇ ತೀರ್ಮಾನವಾಗಿರಲಿಲ್ಲ. ಭೂಮಿಯ ತುತ್ತತುದಿಯಲ್ಲಿ, ಉತ್ತರದ ಹಿಮಗಡಲ ದಂಡೆಯಲ್ಲೂ ಆಗ ದೊಡ್ಡ ದೊಡ್ಡ ಮರಗಳಿದ್ದವು. ನಂಬೋದಿಲ್ಲ ಅಲ್ವಾ? ಇದ್ದವು ಮರೀ, ಸುಮ್ಮನೆ ಕೇಳು.

ಆ ದಂಡೆಯ ಒಂದು ಹಟ್ಟಿಯಲ್ಲಿ ಪಿಪಾಲುಕ್ ಅನ್ನೋ ಹೆಂಗಸು ಇದ್ದಳು. ಹಟ್ಟಿಯವರೆಲ್ಲರ ಮಾಂಸದ ಗುಂಡಿ ನೋಡಿಕೊಳ್ಳೋ ಕೆಲಸ ಅವಳದು. ಗುಂಡಿಗೆ ಚಳಿಗಾಲದ ಮಂಜುಗಡ್ಡೆ ತುಂಬಿ, ಸೀಲ್ ಅನ್ನೋ ಕಡಲಪ್ರಾಣಿಯ ಮಾಂಸ, ಮೀನು ಜೋಡಿಸಿ, ಮೇಲೆ ದಪ್ಪಗೆ ಪಾಚಿ ಹೊದಿಸಬೇಕು. ಮತ್ತೆ ಕಡಲು ಹೆಪ್ಪುಗಟ್ಟಿ ಸೀಲ್ ಬೇಟೆ ಸಿಗುವ ತನಕ ಎಲ್ಲರ ಹೊಟ್ಟೆಗೂ ಅದೇ ಗತಿ.

ಒಂದು ಬೇಸಿಗೆಯಲ್ಲಿ ಆಚೆ ದಡದವರು ದೋಣಿಗಳಲ್ಲಿ ಬಂದಿಳಿದರು. ಅವರ ಗುಂಡಿಗೆ ನೀರು ನುಗ್ಗಿ ಎಲ್ಲ ಕೊಳೆತುಹೋಗಿತ್ತು. ಹಸಿದ ಮಕ್ಕಳ ಮುಖ ನೋಡೋಕಾಗುತ್ತಿರಲಿಲ್ಲ. ಬಂದವರಿಗೆ ಗುಂಡಿಯ ತಳದ ಮಾಂಸವನ್ನೇ, ಅಂದರೆ ಎಲ್ಲಕ್ಕಿಂತ ಒಳ್ಳೇದನ್ನೇ ಬಡಿಸಬೇಕು ಅನ್ನೋದು ಈ ಜನರ ಪದ್ಧತಿ. ಪಿಪಾಲುಕ್ ಹಿಂದೆಮುಂದೆ ನೋಡದೆ ಪಾಚಿ ಸರಿಸಿದಳು, ಮೇಲಿನದ್ದೆಲ್ಲ ಹೊರಗಿಟ್ಟಳು, ತಳದ್ದು ಎತ್ತಿ ತಂದು ಬಡಿಸಿದಳು. "ಇನ್ನೊಂದು ಚೂರು ಹಾಕಿಸಿಕೊಳ್ಳಿ" ಅಂತ ಉಪಚಾರ ಬೇರೆ! ಗುಂಡಿ ಬಾಯಿ ತೆರೆದುಕೊಂಡೇ ಇತ್ತು.

ಆ ಸೀಮೆಯಲ್ಲಿ ಬೇಸಿಗೆಯ ಸೂರ್ಯ ಮುಳುಗೋದೇ ಇಲ್ಲ. ಅವಳು ವಾಪಸು ಬಂದು ಗುಂಡಿಗೆ ಕೈ ಹಾಕಿದರೆ ಮಂಜುಗಡ್ಡೆಯೆಲ್ಲ ನೀರು.

"ಇದ್ದದ್ದೂ ಹೋಯ್ತು," ಅಂದ ಅವಳ ಮಾವ ಮಿನಿಕ್. "ಬಂದವರನ್ನ ಕಳಿಸಿಬಿಡಮ್ಮ. ನಮ್ಮ ಮಕ್ಕಳಾದರೂ ಉಳೀಲಿ."

"ಎಲ್ಲಿಗೆ ಕಳಿಸಲಿ ಮಾವ? ಸಮುದ್ರಕ್ಕಾ?"

ಬಾಯಲ್ಲಿ ಹಾಗಂದಳು. ಒಳಗೊಳಗೆ ಜೀವ ಹಾರಿಹೋಗಿತ್ತು. ಚಳಿಗಾಲ ಬರೋದರೊಳಗೆ ಯಾರ ಮಗು ಮೊದಲು ಹೋಗುತ್ತೋ ಅನ್ನೋದೇ ಅವಳ ಯೋಚನೆ.

"ಗಾಳಿಯಪ್ಪಾ, ಒಂಚೂರು ಚಳಿ ಕೊಡೋ," ಅಂತ ಬೇಡಿದಳು.

"ನನ್ನ ಹತ್ರ ಈಗೆಲ್ಲಿದೆ? ಹಿಮ ಬಿದ್ದ ಮೇಲೆ ಬಾ," ಅಂದಿತು ಗಾಳಿ.

"ನದಿಯಮ್ಮಾ, ನೀನಾದರೂ ಒಂಚೂರು ಚಳಿ ಕೊಡೇ."

"ಅಯ್ಯೋ, ನಾನೇ ಕರಗಿ ಹರೀತಿದ್ದೀನಲ್ಲೇ!" ಅಂದಿತು ನದಿ.

ಪಿಪಾಲುಕ್ ನೆಲದ ಮೇಲೆ ಬೋರಲು ಬಿದ್ದು ಗಳಗಳ ಅತ್ತಳು. ಆಗ ನೆಲ ಮಾತಾಡಿತು.

"ಅಳಬೇಡ ಮಗಳೇ. ಹೋದ ಚಳಿಗಾಲದ ಚಳಿ ನನ್ನ ಹೊಟ್ಟೆಯಲ್ಲಿ ಇನ್ನೂ ಇದೆ. ಬೇರುಗಳಿಗೆ ಕಷ್ಟ ಅಂತ ಪ್ರತಿ ಬೇಸಿಗೆಯೂ ಹೊರಗೆ ಬಿಡ್ತೀನಿ. ಬೇಕಾದರೆ ಹಿಡಿದಿಟ್ಟುಕೊಳ್ತೀನಿ. ಆದರೆ ಮರಗಳು ಒಪ್ಪಬೇಕಲ್ಲ?"

ಮರಗಳಾ? ಮುಖ ಸಿಂಡರಿಸಿದವು. "ಹೆಪ್ಪುಗಟ್ಟಿದ ನೆಲದಲ್ಲಿ ಬೇರು ಎಲ್ಲಿ ಇಳಿಸೋಣ? ನಿಮ್ಮೂರ ಸಹವಾಸವೇ ಬೇಡ," ಅಂತ ಬೇರು ಕಿತ್ತುಕೊಂಡು ದಕ್ಷಿಣಕ್ಕೆ ಹೊರಟೇಬಿಟ್ಟವು. ಒಂದು ಮಾತ್ರ ಹೋಗಲಿಲ್ಲ, ವಿಲೋ ಮರ.

"ನನ್ನ ಚಿಗುರು ತಿಂದು ಮೊಲಗಳು ಬದುಕ್ತಾವೆ. ನಾನೂ ಹೋದರೆ ಅವು ಏನು ತಿನ್ನಬೇಕು?" ಅಂದಿತು ವಿಲೋ. "ನಿಲ್ಲೋಕಾಗದಿದ್ದರೆ ಮಲಗ್ತೀನಿ. ಮಲಗಿದವರಿಗೆ ಆಳದ ಬೇರು ಯಾಕೆ?" ಅಂತ ನೆಲಕ್ಕಂಟಿಕೊಂಡು ಮಲಗೇಬಿಟ್ಟಿತು.

ನೆಲ ಪಿಪಾಲುಕ್‌ಗೆ ಒಂದೇ ಮಾತು ಹೇಳಿತು. "ನಾನು ಚಳಿ ಹಿಡಿದಿಟ್ಟುಕೊಳ್ತೀನಿ. ಆದರೆ ನನ್ನ ಮೈಮೇಲಿನ ಹೊದಿಕೆ ತೆಗೀಬೇಡಿ. ತೆಗೆದರೆ ನನ್ನ ಕೈಲಾಗೋದಿಲ್ಲ."

ಹಟ್ಟಿಯವರು, ಬಂದವರು, ಗೊಣಗುತ್ತಲೇ ಮಿನಿಕ್ ಮಾವ, ಎಲ್ಲರೂ ಓಡಾಡಿ ಮಾಂಸವನ್ನು ಗುಂಡಿಗಿಳಿಸಿ ಪಾಚಿ ಹೊದಿಸಿದರು. ಪಿಪಾಲುಕ್ ಪಕ್ಕದಲ್ಲೇ ಕೂತಳು. ತೆರೆದು ನೋಡುವ ಹಾಗಿಲ್ಲ, ನೋಡದೆ ಇರೋಕೂ ಆಗೋದಿಲ್ಲ. ಕೊನೆಗೆ ಪಾಚಿಯ ಅಂಚಿನಲ್ಲಿ ಬೆರಳು ತೂರಿಸಿದಳು. ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಬೆರಳು ಮರಗಟ್ಟಿತು. ಅವಳು ಅಳುತ್ತಲೇ ನಕ್ಕಳು.

ಹೊರಗೆ ಬಿಸಿಲಿಗೆ ಬಿದ್ದಿದ್ದ ಮಾಂಸದಲ್ಲಿ ಒಂದಿಷ್ಟು ಕೆಟ್ಟಿತ್ತು, ಅದು ನಾಯಿಗಳಿಗೆ ಹೋಯಿತು. ಉಳಿದದ್ದನ್ನು ಎರಡೂ ದಡದವರು ಅರೆಹೊಟ್ಟೆ ಉಂಡು, ಕಡಲು ಹೆಪ್ಪುಗಟ್ಟುವ ತನಕ ಜೀವ ಹಿಡಿದುಕೊಂಡರು. ಒಂದು ಮಗುವೂ ಹೋಗಲಿಲ್ಲ.

ನೆಲ ಇವತ್ತಿಗೂ ಆ ಚಳಿಯನ್ನು ಹಿಡಿದುಕೊಂಡೇ ಇದೆ. ಈಗೀಗ ಅದಕ್ಕೂ ಸುಸ್ತು, ಅಲ್ಲಲ್ಲಿ ಗುಂಡಿಯ ಗೋಡೆ ಬೆವರುತ್ತೆ. ಹೆಂಗಸರು ಗಾಬರಿಯಿಂದ ಇನ್ನಷ್ಟು ಪಾಚಿ ಹೊದಿಸುತ್ತಾರೆ. ಅದಕ್ಕೇ ಮರೀ, ಆ ಸೀಮೆಗೆ ಹೋದರೆ ಕಾಡೆಲ್ಲಿ ಅಂತ ತಲೆಯೆತ್ತಿ ಹುಡುಕಬೇಡ, ಅದು ನಿನ್ನ ಪಾದದ ಹತ್ತಿರವೇ ಮಲಗಿರುತ್ತೆ, ಮೆಲ್ಲಗೆ ಹೆಜ್ಜೆ ಇಡು.