ವಾಪಸು ಬಂದ ಪೆಟ್ರೋಲು

"ಗುರುಗಳೇ, ಹನ್ನೊಂದು ವರ್ಷ ನಿಮ್ಮ ಪಾದದ ಬಳಿ ಕೂತು ಹೇಳಿದ್ದನ್ನೆಲ್ಲ ಕಲಿತೆ. ಆದರೂ ನನ್ನ ಸಿಟ್ಟು ಹಾಗೇ ಇದೆ, ಸಾವಿನ ಭಯವೂ ಹಾಗೇ ಇದೆ. ಇದಕ್ಕಿಂತ ದೊಡ್ಡ ಉಪದೇಶವಿದ್ದರೆ ಕೊಡಿ. ಇಲ್ಲವಾದರೆ ನಾಳೆ ಮಠ ಬಿಟ್ಟು ಹೋಗುತ್ತೇನೆ," ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ನಕ್ಕರು. "ಹೋಗುವವನು ಹೋಗಪ್ಪ, ಬೇಡ ಎಂದವರು ಯಾರು? ಒಂದು ಕಾರಿನ ಕತೆ ಕೇಳಿಕೊಂಡು ಹೋಗು," ಎಂದು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ಗುಡ್ಡದ ದಾರಿಯ ಕಾರು ಪಂದ್ಯವೇ ಅವನ ಬದುಕು. ಕಾರು ಒಬ್ಬ ಸಾಹುಕಾರನದು, ಓಡಿಸುವ ಕೈ ಇವನದು. ಅದು ಟರ್ಬೊ ಇಲ್ಲದ ಕಾರು. ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುರುಕುವ ಯಂತ್ರ. ಅದಿಲ್ಲದ ಎಂಜಿನ್ನು ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. ಮೂರು ವರ್ಷ ಸತತವಾಗಿ ಗೆದ್ದವನು ಈಗ ಎರಡು ಪಂದ್ಯ ಸೋತಿದ್ದ. "ಇನ್ನೊಂದು ಸೋತರೆ ಕಾರನ್ನು ಬೇರೆಯವನಿಗೆ ಕೊಡುತ್ತೇನೆ," ಎಂದ ಸಾಹುಕಾರ. ಆ ಕಾರೆಂದರೆ ಚಾಲಕನಿಗೆ ಪ್ರಾಣ.

ಗ್ಯಾರೇಜಿನ ಮೇಸ್ತ್ರಿಯ ಬಳಿಗೆ ಓಡಿದ. "ಗಾಡಿಗೆ ಪೆಟ್ರೋಲು ಸಾಲುತ್ತಿಲ್ಲ. ಬೇರೇನನ್ನೂ ನೋಡುತ್ತ ಕೂರಬೇಡಿ, ಎಲ್ಲಕ್ಕಿಂತ ದೊಡ್ಡ ಪಂಪು ಹಾಕಿಬಿಡಿ," ಎಂದ. ಇರುವ ಪಂಪು ಗಟ್ಟಿಯಾಗೇ ಇದೆ ಎಂದು ಮೇಸ್ತ್ರಿ ಹೇಳಿದರೆ ಕೇಳಬೇಕಲ್ಲ! ಹೊಸ ಪಂಪು ಬಂತು, ಟ್ಯಾಂಕಿನೊಳಗೆ ಕೂತಿತು. ಗುಡ್ಡ ಹತ್ತಿ ನೋಡಿದರೆ ಹಿಡಿದ ಹೊತ್ತು ಅರೆ ಕ್ಷಣವೂ ಕಡಿಮೆಯಾಗಿರಲಿಲ್ಲ. ಪಂದ್ಯಕ್ಕೆ ಉಳಿದದ್ದು ಎರಡೇ ದಿನ.

"ಎಂಥ ದಂಡದ ಪಂಪು ಹಾಕಿದ್ದೀರಿ ಮೇಸ್ತ್ರಿ!" ಎಂದು ಹಾರಾಡಿದ.

ಮೇಸ್ತ್ರಿ ಜಗಳಕ್ಕೆ ನಿಲ್ಲಲಿಲ್ಲ. ಸೀಟಿನ ಹಿಂದಿನ ಮುಚ್ಚಳ ತೆಗೆದ. ಅಲ್ಲಿ ಟ್ಯಾಂಕಿಗೆ ಎರಡು ಪೈಪುಗಳಿದ್ದವು. ಒಂದು ಪೆಟ್ರೋಲನ್ನು ಎಂಜಿನ್ನಿಗೆ ಒಯ್ಯುವುದು. ಇನ್ನೊಂದು, ಎಂಜಿನ್ನು ಬೇಡವೆಂದದ್ದನ್ನು ಮರಳಿ ಟ್ಯಾಂಕಿಗೆ ತರುವುದು. ಆ ಎರಡನೆಯದಕ್ಕೆ, ಒಳಗಿನದು ಕಾಣುವಂಥ ಪೈಪಿನ ತುಂಡೊಂದನ್ನು ಜೋಡಿಸಿ, "ಇವತ್ತು ಗಾಡಿ ನಾನು ಓಡಿಸುತ್ತೇನೆ. ನೀವು ಇದನ್ನು ನೋಡುತ್ತಿರಿ," ಎಂದ.

ಕಾರು ಗುಡ್ಡ ಹತ್ತತೊಡಗಿತು. ಚಾಲಕ ಹಿಂದಕ್ಕೆ ತಿರುಗಿ ಕೂತು ನೋಡಿದ. ಮೇಸ್ತ್ರಿ ಪೆಡಲು ಒತ್ತಿದಾಗ ಪೈಪಿನ ಧಾರೆ ಇಳಿಯುತ್ತಿತ್ತು, ಬಿಟ್ಟಾಗ ಏರುತ್ತಿತ್ತು. ಪೂರ್ತಿ ಒತ್ತಿದಾಗಲೂ ನಿಲ್ಲಲಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನು ಒಂದೊಂದು ಉಸಿರಿಗೆ ಎಷ್ಟು ಬೇಕೋ ಅಷ್ಟನ್ನೇ ತೆಗೆದುಕೊಂಡು, ಹೆಚ್ಚಿನ ಒಂದು ಹನಿಯನ್ನೂ ಮುಟ್ಟದೆ ಮರಳಿಸುತ್ತಿತ್ತು. ಇಷ್ಟು ವರ್ಷ ಓಡಿಸಿದ್ದರೂ ಅವನು ಇದನ್ನು ಕಂಡಿರಲಿಲ್ಲ. ಮೈ ಜುಮ್ಮೆಂದಿತು. ತನಗೇ ತಿಳಿಯದಂತೆ ಕೈ ಮುಗಿದ. ತುದಿಯಲ್ಲಿ ಕಾರು ನಿಂತ ಮೇಲೆ ಆ ಪೈಪನ್ನು ಮುಟ್ಟಿ ನೋಡಿದ, ಬೆಚ್ಚಗಿತ್ತು.

"ಅಬ್ಬಬ್ಬಾ! ಇಷ್ಟೂ ವಾಪಸು ಬರುತ್ತಿದೆಯೇ?"

"ಹಳೆಯ ಪಂಪಿನಲ್ಲೂ ಬರುತ್ತಿತ್ತು. ಕೊರತೆ ಪೆಟ್ರೋಲಿಗಲ್ಲ ಸ್ವಾಮಿ, ಉಸಿರಿಗೆ," ಎಂದು ಮೇಸ್ತ್ರಿ ಬಾನೆಟ್ ಎತ್ತಿದ.

ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ರೇಷ್ಮೆಯ ರವಿಕೆ ಖಣವೊಂದನ್ನು ಮೂರು ಮಡಿಕೆ ಮಾಡಿ ಬಿಗಿಯಲಾಗಿತ್ತು. ಆಯುಧಪೂಜೆಯ ದಿನ ಚಾಲಕನೇ ಕಟ್ಟಿದ್ದ. ಮನೆದೇವಿಯ ಮೈಮೇಲಿದ್ದ ಖಣ, ಗಾಡಿಗೆ ದೃಷ್ಟಿ ತಾಗದಿರಲಿ ಎಂದು. ಸೋಲು ಶುರುವಾದದ್ದು ಆಮೇಲೆಯೇ. ಅವನಿಗೆ ಅಳು ಬಂತು. ಕೊನೆಗೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ತನ್ನ ತೋಳಿಗೆ ಕಟ್ಟಿಕೊಂಡ. ಆಗ ಕಾರು ಗರ್ಜಿಸಿದ್ದನ್ನು ಕೇಳಿ ಮೇಸ್ತ್ರಿಯೇ ಬೆರಗಾದ. ಎರಡು ದಿನದ ಮೇಲೆ ಆ ಗುಡ್ಡವನ್ನು ಅವನಷ್ಟು ಬೇಗ ಯಾರೂ ಹತ್ತಲಿಲ್ಲ. ಕಾರು ಅವನ ಕೈಯಲ್ಲೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಚನ್ನವೀರನ ಕಣ್ಣುಗಳು ಅರಳಿದ್ದವು. "ಆಹಾ, ಎಂಥ ದೃಷ್ಟಾಂತ! ಒಂದಕ್ಷರ ಬಿಡದೆ ಮನಸ್ಸಿನಲ್ಲಿ ಇಟ್ಟುಕೊಂಡೆ ಗುರುಗಳೇ. ಒಪ್ಪಿಸಲೇ? ಒಬ್ಬ ಚಾಲಕನಿದ್ದ. ಗುಡ್ಡದ ದಾರಿಯ ಕಾರು ಪಂದ್ಯವೇ..."

"ಬೆಚ್ಚಬೆಚ್ಚಗೆ ನನಗೇ ವಾಪಸು ಬರುತ್ತಿದೆಯಲ್ಲೋ ಚನ್ನವೀರ, ನಿನ್ನೊಳಗೆ ಉರಿದದ್ದೆಷ್ಟು?" ಎಂದರು ಗುರುಗಳು.